ಇಆರ್‌ಪಿ ಕೊಳ್ಳುವ ಮೊದಲು ತೂಕದ ಯಂತ್ರದ ಹತ್ತಿರ ಹೋಗಿ ನಿಲ್ಲಿ

ಪ್ರಶ್ನೆ: ನಮಸ್ಕಾರ ಸರ್. ತಿಪಟೂರಿನ ಹತ್ತಿರ ನಮ್ಮದು ಕೊಬ್ಬರಿ ಪುಡಿ ಮಾಡುವ ಪ್ರೈವೇಟ್ ಲಿಮಿಟೆಡ್ ಕಂಪನಿ. 30 ಜನ ಕೆಲಸಕ್ಕಿದ್ದಾರೆ. ವರ್ಷಕ್ಕೆ ಸುಮಾರು 7 ಕೋಟಿ ವಹಿವಾಟು. ಬಿಲ್ಲು, ಜಿಎಸ್‌ಟಿ ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್‌ನಲ್ಲಿದೆ. ಸ್ಟಾಕ್ ಎಕ್ಸೆಲ್‌ನಲ್ಲಿ, ಉಳಿದದ್ದು ನೋಟ್‌ಬುಕ್‌ನಲ್ಲಿ. ಕಾಯಿಯನ್ನು ಎಣಿಸಿ ಕೊಳ್ಳುತ್ತೇವೆ, ಪುಡಿಯನ್ನು ತೂಗಿ ಮಾರುತ್ತೇವೆ. ತಿಂಗಳ ಕೊನೆಗೆ ಲೆಕ್ಕ ತಾಳೆಯಾಗುವುದೇ ಇಲ್ಲ. ಇಆರ್‌ಪಿ (ಖರೀದಿ, ಸ್ಟಾಕ್, ಉತ್ಪಾದನೆ, ಸಂಬಳ ಎಲ್ಲವನ್ನೂ ಒಂದೇ ಕಡೆ ನೋಡುವ ಸಾಫ್ಟ್‌ವೇರ್) ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂದು ಒಬ್ಬರು ಬಂದು ಹೇಳಿದ್ದಾರೆ. ತೆಗೆದುಕೊಳ್ಳೋಣವೇ?

ಉತ್ತರ: ಈಗಲೇ ಬೇಡ. ಮೂರು ತಿಂಗಳು ತಡೆಯಿರಿ. ಆ ಮೂರು ತಿಂಗಳಲ್ಲಿ ಮಾಡಬೇಕಾದ ಕೆಲಸ ಬಹಳ ಇದೆ.

ಮೊದಲು ನಿಮ್ಮ ಲೆಕ್ಕ ಏಕೆ ತಾಳೆಯಾಗುವುದಿಲ್ಲ ಎಂದು ನೋಡೋಣ. ಬಿಸ್ಕತ್ತು ಮಾಡುವವರು ಹಿಟ್ಟು, ಸಕ್ಕರೆ, ಎಣ್ಣೆ ಹಾಕಿ ಒಂದು ಮಾಲು ತೆಗೆಯುತ್ತಾರೆ. ನಿಮ್ಮದು ಉಲ್ಟಾ. ಒಳಗೆ ಹೋಗುವುದು ಕಾಯಿ ಒಂದೇ. ಹೊರಗೆ ಬರುವುದು ಸಣ್ಣ ಪುಡಿ, ದಪ್ಪ ಪುಡಿ, ಎಣ್ಣೆ ಗಾಣಕ್ಕೆ ಹೋಗುವ ಕಂದು ಸಿಪ್ಪೆ, ಇದ್ದಿಲಿಗೆ ಹೋಗುವ ಚಿಪ್ಪು, ಜೊತೆಗೆ ಕಾಯಿನೀರು. ಇನ್ನೊಂದು ವಿಷಯ. ಹಸಿ ಕಾಯಿಯ ತಿರುಳಲ್ಲಿ ಸುಮಾರು ಅರ್ಧ ಭಾಗ ನೀರೇ ಇರುತ್ತದೆ. ಒಣಗಿದ ಪುಡಿಯಲ್ಲಿ ಉಳಿಯುವುದು ಶೇ 3ಕ್ಕಿಂತ ಕಡಿಮೆ. ಅಂದರೆ 100 ಕೆಜಿ ತಿರುಳು ಹಾಕಿದರೆ ಅರ್ಧದಷ್ಟು ತೂಕ ಡ್ರೈಯರ್‌ನಲ್ಲಿ ಆವಿಯಾಗಿ ಹೋಗುತ್ತದೆ. ಅದನ್ನು ಯಾರೂ ಕದ್ದಿರುವುದಿಲ್ಲ. ಈ ಲೆಕ್ಕ ಗೊತ್ತಿಲ್ಲದೆ ಗೋಡೌನ್ ಹುಡುಗನ ಮೇಲೆ ಅನುಮಾನಪಟ್ಟ ಮಾಲೀಕರನ್ನು ನಾನು ನೋಡಿದ್ದೇನೆ. ತುಂಬಾ ಬೇಸರವಾಗುತ್ತದೆ.

ಹಾಗಾಗಿ ನಾಳೆಯಿಂದಲೇ ನಾಲ್ಕು ಕಡೆ ತೂಗಿ. ಲಾರಿಯಿಂದ ಇಳಿದ ಕಾಯಿಯನ್ನು ಎಣಿಸುವುದರ ಜೊತೆ ತೂಕವನ್ನೂ ಬರೆಯಿರಿ. ಚಿಪ್ಪು ತೆಗೆದು, ಕಂದು ಸಿಪ್ಪೆ ಹೆರೆದ ಮೇಲೆ ಬಿಳಿ ತಿರುಳನ್ನು ತೂಗಿ. ಡ್ರೈಯರ್‌ನಿಂದ ಬಂದ ಪುಡಿಯನ್ನು ತೂಗಿ. ಕೊನೆಗೆ ಚಿಪ್ಪು, ಸಿಪ್ಪೆ ಹೊರಗೆ ಹೋಗುವಾಗ ತೂಗಿ. ಒಂದು ಸಾವಿರ ಕಾಯಿಗೆ ನಿಮ್ಮ ಕಾರ್ಖಾನೆಯಲ್ಲಿ ಎಷ್ಟು ಪುಡಿ ಬರುತ್ತದೆ ಎಂಬುದು ತಿಂಗಳೊಳಗೆ ನಿಮಗೇ ಗೊತ್ತಾಗುತ್ತದೆ. ಬೇಸಿಗೆಯ ಕಾಯಿಗೂ ಮಳೆಗಾಲದ ಕಾಯಿಗೂ ಎಷ್ಟು ವ್ಯತ್ಯಾಸ ಎಂಬುದು ಬರೆಯುತ್ತಾ ಹೋದಂತೆ ಕಾಣುತ್ತದೆ. ಈ ಅಂಕಿ ಯಾವ ಸಾಫ್ಟ್‌ವೇರ್‌ನಲ್ಲೂ ಮೊದಲೇ ಇರುವುದಿಲ್ಲ. ನೀವೇ ಕೊಡಬೇಕು.

ಎರಡನೆಯದು ಹೆಸರು. ಕೆಲವು ವರ್ಷದ ಹಿಂದೆ ತುಮಕೂರಿನ ಒಂದು ಕಾರ್ಖಾನೆಗೆ ನಾನೇ ನಿಂತು ಇಆರ್‌ಪಿ ಹಾಕಿಸಿದೆ. ಖರೀದಿ, ಸ್ಟಾಕ್, ಉತ್ಪಾದನೆ, ಸಂಬಳ, ಎಲ್ಲವನ್ನೂ ಒಂದೇ ದಿನ ಶುರು ಮಾಡಿಸಿದೆ. ತಿಂಗಳ ಕೊನೆಗೆ ಪರದೆ ಮೇಲೆ ಖಾಲಿ ಚೀಲದ ಸ್ಟಾಕ್ ಮೈನಸ್ 640 ಎಂದು ತೋರಿಸಿತು. ಗೋಡೌನಿಗೆ ಹೋದರೆ ಚೀಲದ ಕಟ್ಟುಗಳು ಗೋಡೆಗೆ ಒರಗಿಕೊಂಡು ಕಣ್ಣೆದುರೇ ಇವೆ! ಖರೀದಿಯವರು ‘25 ಕೆಜಿ ಬ್ಯಾಗ್’ ಎಂದು ಒಳಗೆ ಹಾಕಿದ್ದರು. ಪ್ಯಾಕಿಂಗ್‌ನವರು ‘ದೊಡ್ಡ ಚೀಲ’ ಎಂದು ಹೊರಗೆ ತೆಗೆದಿದ್ದರು. ಎರಡೂ ಒಂದೇ ಮಾಲು. ತಪ್ಪು ನನ್ನದೇ, ಹೆಸರಿನ ಪಟ್ಟಿಯನ್ನು ಕೂತು ನೋಡಿರಲಿಲ್ಲ. ನೀವು ಒಂದು ಭಾನುವಾರ ಎಲ್ಲರನ್ನೂ ಕೂರಿಸಿಕೊಂಡು ಒಂದು ಮಾಲಿಗೆ ಒಂದೇ ಹೆಸರು ಇಡಿ. ಹೆಸರು ನಿಮ್ಮ ಹುಡುಗರು ದಿನಾ ಕರೆಯುವ ಹೆಸರೇ ಆಗಿರಲಿ.

ಇನ್ನು ಬರೆಯುವುದು ಎಲ್ಲಿ, ಯಾವಾಗ? ಇದೇ ಮುಖ್ಯ. ಮಾಲು ಕದಲುವ ಜಾಗದಲ್ಲಿ, ಕದಲುವ ಹೊತ್ತಿಗೇ ಬರೆಯಬೇಕು. ಎಷ್ಟೋ ಕಡೆ ತೂಕದ ಯಂತ್ರದ ಪಕ್ಕ ದಾರಕ್ಕೆ ಕಟ್ಟಿದ ಪೆನ್ನು, ಕಾಯಿನೀರು ಬಿದ್ದು ಅಂಟಿಕೊಂಡ ನೋಟ್‌ಬುಕ್ ಇರುತ್ತದೆ. ಸಂಜೆ ಆಫೀಸಿನಲ್ಲಿ ಕೂತವರು ಅದನ್ನು ನೋಡಿ ಎಕ್ಸೆಲ್‌ಗೆ ಹಾಕುತ್ತಾರೆ. 7 ಯಾವುದು, 1 ಯಾವುದು ಅಂತ ಅಂದಾಜು ಮಾಡುತ್ತಾರೆ. ಇಆರ್‌ಪಿ ಬಂದರೂ ಈ ಅಂದಾಜು ಹಾಗೇ ಉಳಿದರೆ ಏನು ಪ್ರಯೋಜನ? ಹೆರೆಯುವ ಹೆಣ್ಣುಮಕ್ಕಳ ಕೈ ಸದಾ ಒದ್ದೆ. ಅವರು ಫೋನ್ ಮುಟ್ಟಲಾರರು. ತೂಕ ನೋಡಿ ಟ್ಯಾಬ್‌ನಲ್ಲಿ ಒತ್ತಲು ಕೈ ಒಣಗಿದ ಒಬ್ಬರನ್ನು ಅಲ್ಲೇ ನಿಲ್ಲಿಸಿ, ಅವರ ಸಂಬಳ ಸ್ವಲ್ಪ ಹೆಚ್ಚು ಮಾಡಿ.

ಈಗ ಸಾಫ್ಟ್‌ವೇರ್ ವಿಷಯ. ನಿಮ್ಮ ಹತ್ತಿರ ಇರುವ ಟ್ಯಾಲಿಯಲ್ಲೇ ಗೋಡೌನ್, ಬ್ಯಾಚ್ (ಒಂದು ಸಲಕ್ಕೆ ತಯಾರಾದ ಮಾಲು), ಉತ್ಪಾದನೆಯ ನಮೂದು ಇವೆ. ಮುಖ್ಯ ಮಾಲಿನ ಜೊತೆ ಬರುವ ಉಪಮಾಲನ್ನೂ ತೋರಿಸಬಹುದು. ಹೆಚ್ಚಿನವರು ಅದನ್ನು ತೆರೆದೇ ನೋಡಿರುವುದಿಲ್ಲ. ಮೂರು ತಿಂಗಳು ಅದರಲ್ಲೇ ನಡೆಸಿ. ಆಮೇಲೂ ಸಾಲದು ಅನ್ನಿಸಿದರೆ ಇಆರ್‌ಪಿಯವರನ್ನು ಕರೆಯಿರಿ. ಅವರು ತಂದ ಡೆಮೊ ಬೇಡ, ಸುಮ್ನೆ ಚೆನ್ನಾಗಿ ಕಾಣುತ್ತದೆ ಅಷ್ಟೇ. ನಿಮ್ಮದೇ ಒಂದು ದಿನದ ಲೆಕ್ಕ ಕೊಡಿ. ಎಣಿಕೆಯಲ್ಲಿ ಕೊಂಡ ಕಾಯಿ ತೂಕದಲ್ಲಿ ಪುಡಿಯಾಗಿ, ಸಿಪ್ಪೆ, ಚಿಪ್ಪಿನ ಬೆಲೆ ಕಳೆದು, ಕೆಜಿಗೆ ಎಷ್ಟು ಬಿತ್ತು ಎಂದು ನಿಮ್ಮೆದುರೇ ತೋರಿಸಲಿ. ಬ್ಯಾಚ್ ನಂಬರ್ ಹೇಳಿದರೆ ಅದು ಯಾವ ದಿನದ, ಯಾರ ಕಾಯಿ ಎಂದು ಹೇಳಲಿ. ಪುಡಿ ಕೊಂಡವರು ವಾಸನೆ ಬಂದಿದೆ ಎಂದು ಫೋನ್ ಮಾಡಿದ ದಿನ ನಿಮ್ಮನ್ನು ಕಾಪಾಡುವುದು ಇದೇ.

ಕಾನೂನಿನ ಎರಡು ಮಾತು. ವರ್ಷದ ವಹಿವಾಟು 5 ಕೋಟಿ ಮೀರಿದವರಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸುವ ಬಿಲ್ಲು) ಕಡ್ಡಾಯ. ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಯಾರು, ಯಾವಾಗ, ಏನು ತಿದ್ದಿದರು ಎಂಬ ದಾಖಲೆ 2023ರ ಏಪ್ರಿಲ್ 1ರಿಂದ ಇರಲೇಬೇಕು. ಹೊಸದರಲ್ಲಿ ಇವೆರಡೂ ಇವೆಯೇ, ಬಿಟ್ಟು ಹೋಗುವಾಗ ನಮ್ಮ ಡೇಟಾ ಪೂರ್ತಿ ಕೊಡುತ್ತೀರಾ ಎಂದು ಬರವಣಿಗೆಯಲ್ಲಿ ಪಡೆಯಿರಿ.

ಪ್ರಶ್ನೆ: ತುಮಕೂರಿನ ಅಂತರಸನಹಳ್ಳಿಯಲ್ಲಿ ನಮ್ಮದು 12 ಜನರ ಸಣ್ಣ ಮೆಷಿನ್ ಶಾಪ್. ಗಿರಾಕಿಗಳು ರಾಡ್ ಕಳಿಸುತ್ತಾರೆ, ನಾವು ಕಡೆದು ಕೊಡುತ್ತೇವೆ. ಇಆರ್‌ಪಿನೆಕ್ಸ್ಟ್ ಎಂಬ ಇಆರ್‌ಪಿ ಪುಕ್ಕಟೆ ಅಂತಾರೆ. ಹಾಕಿಕೊಳ್ಳಬಹುದಾ?

ಉತ್ತರ: ಹಾಕಿಕೊಳ್ಳಿ. ಅದು ಮುಂಬೈನ ಫ್ರಾಪೆ ಕಂಪನಿಯದು, ಓಪನ್ ಸೋರ್ಸ್, ಅಂದರೆ ಅದರ ಕೋಡ್ ಎಲ್ಲರಿಗೂ ತೆರೆದಿದೆ. ಲೈಸೆನ್ಸಿಗೆ ದುಡ್ಡಿಲ್ಲ ನಿಜ. ಆದರೆ ಸರ್ವರ್ ಬಾಡಿಗೆ, ಕೂರಿಸಿ ಕಲಿಸುವವರ ಶುಲ್ಕ ಇದ್ದೇ ಇರುತ್ತದೆ.

ನಿಮಗೆ ಮುಖ್ಯವಾಗಿ ಬೇಕಾದ್ದು ಗಿರಾಕಿಯ ಮಾಲು ಬೇರೆ, ನಿಮ್ಮ ಮಾಲು ಬೇರೆ ಎಂದು ತೋರಿಸುವ ಲೆಕ್ಕ. ಒಬ್ಬೊಬ್ಬ ಗಿರಾಕಿಗೂ ಒಂದೊಂದು ಗೋಡೌನ್ ಹೆಸರು ಮಾಡಿ. ಮಾಲಿನ ಜೊತೆ ಬಂದ ಚಲನ್ (ಮಾಲು ಕಳಿಸಿದ ಚೀಟಿ) ನಂಬರ್ ಹಾಕಿಯೇ ರಾಡ್ ಒಳಗೆ ತೆಗೆದುಕೊಳ್ಳಿ. ಜಾಬ್ ವರ್ಕ್‌ಗೆ, ಅಂದರೆ ನಿಮ್ಮ ಹಾಗೆ ಬೇರೆಯವರ ಮಾಲಿಗೆ ಕೆಲಸ ಮಾಡಿ ಕೊಡಲು, ಬಂದ ಕಚ್ಚಾ ಮಾಲು ಸಾಮಾನ್ಯವಾಗಿ ಒಂದು ವರ್ಷದೊಳಗೆ ವಾಪಸ್ ಹೋಗಬೇಕು. ಇಲ್ಲದಿದ್ದರೆ ಕಳಿಸಿದ ದಿನವೇ ಅದನ್ನು ಮಾರಿದಂತೆ ಎಂದು ಜಿಎಸ್‌ಟಿ ಕಾನೂನು ಲೆಕ್ಕ ಹಾಕುತ್ತದೆ. ತೆರಿಗೆ ಗಿರಾಕಿಯ ತಲೆಗೆ ಬರುತ್ತದೆ, ಅವರು ನಿಮ್ಮನ್ನು ಕೇಳುತ್ತಾರೆ. ಕಡೆದಾಗ ಬೀಳುವ ಚೂರಿನ ತೂಕವನ್ನೂ ಅದೇ ಚಲನ್ ಎದುರಿಗೆ ಬರೆಯಿರಿ. ಹೆಚ್ಚು ಜಗಳ ಆಗುವುದು ಈ ಚೂರಿನ ಲೆಕ್ಕದಲ್ಲೇ.

ಬ್ಯಾಕಪ್ ತೆಗೆಯುತ್ತಿದ್ದೇವೆ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಬಿಡಬೇಡಿ. ತಿಂಗಳಿಗೊಮ್ಮೆ ಅದನ್ನು ಬೇರೆ ಕಂಪ್ಯೂಟರ್‌ಗೆ ಹಾಕಿಸಿ, ನಿನ್ನೆಯ ಚಲನ್ ತೆರೆದು ತೋರಿಸಲು ಹೇಳಿ.