ಡಿಸ್ಕ್ ನಿಮ್ಮದು, ಲೈಸೆನ್ಸ್ ಯಾರದು?

ಪ್ರಶ್ನೆ: ಸರ್, ಗುಬ್ಬಿಯಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ತುಮಕೂರಿನ ಒಂದು ಆಫೀಸು ಜಾಗ ಖಾಲಿ ಮಾಡುವಾಗ 20 ಹಳೇ ಸಿಸ್ಟಂಗಳನ್ನು ಲಾಟ್ ಲೆಕ್ಕದಲ್ಲಿ ತಗೊಂಡೆ. ಜೊತೆಗೆ ಒಂದು ರಟ್ಟಿನ ಡಬ್ಬಿ ತುಂಬ ವಿಂಡೋಸ್ ಡಿವಿಡಿ ಸಿಕ್ಕವು. ಕೆಲವಕ್ಕೆ ಸೀಲ್ ಕೂಡ ಒಡೆದಿಲ್ಲ. 20ರಲ್ಲಿ 7 ಸಿಸ್ಟಂ ಪೂರ್ತಿ ಕೆಟ್ಟಿವೆ. ಆ 7ರ ಮೇಲಿರುವ ವಿಂಡೋಸ್ ಕೀ ಸ್ಟಿಕ್ಕರ್ ಕಿತ್ತು ನಾನು ಅಸೆಂಬಲ್ ಮಾಡುವ ಸಿಸ್ಟಂಗೆ ಹಾಕಿಕೊಡಬಹುದಾ? ಡಿವಿಡಿಗಳನ್ನು ಬಿಡಿಯಾಗಿ ಮಾರಬಹುದಾ? ಎಲ್ಲಕ್ಕೂ ದುಡ್ಡು ಕೊಟ್ಟಿದ್ದೀನಿ, ಬಿಲ್ ಕೂಡ ಇದೆ.

ಉತ್ತರ: ಸ್ಟಿಕ್ಕರ್ ಕೀಳಬೇಡಿ. ಡಿವಿಡಿಗಳನ್ನೂ ಬಿಡಿಯಾಗಿ ಮಾರಬೇಡಿ. ಕೆಲಸ ಮಾಡುವ 13 ಸಿಸ್ಟಂಗಳನ್ನು ಅವುಗಳ ಜೊತೆಯಲ್ಲೇ ಬಂದ ವಿಂಡೋಸ್ ಸಮೇತ ಧಾರಾಳವಾಗಿ ಮಾರಿ, ಅದಕ್ಕೆ ಯಾರೂ ಅಡ್ಡಿ ಮಾಡುವುದಿಲ್ಲ.

ದುಡ್ಡು ಕೊಟ್ಟು ತಂದದ್ದು ನನ್ನದಲ್ವಾ ಅಂತ ನಿಮಗೆ ಅನಿಸುವುದು ಸಹಜ. ಡಿವಿಡಿ ನಿಮ್ಮದೇ. ಆದರೆ ಅದರಲ್ಲಿರುವ ಪ್ರೋಗ್ರಾಂ ಬಳಸಲು ಕಂಪನಿ ಕೊಡುವ ಅನುಮತಿ ಇದೆಯಲ್ಲ, ಲೈಸೆನ್ಸ್, ಅದು ಡಿವಿಡಿಯ ಜೊತೆ ಓಡಾಡುವುದಿಲ್ಲ. ನಿಮ್ಮ ಕಡೆ ತೆಂಗಿನ ತೋಟದ ವ್ಯವಹಾರ ನೋಡಿರುತ್ತೀರಿ. ಪಹಣಿ ಜೆರಾಕ್ಸ್ ಜೇಬಲ್ಲಿದ್ದರೆ ತೋಟ ನಮ್ಮದಾಗುತ್ತಾ? ಇದೂ ಹಾಗೇ.

ವಿಂಡೋಸ್ ಲೈಸೆನ್ಸ್‌ನಲ್ಲಿ ಮುಖ್ಯವಾಗಿ ಮೂರು ಬಗೆ. ಬ್ರ್ಯಾಂಡೆಡ್ ಸಿಸ್ಟಂ ಜೊತೆ ಮೊದಲೇ ಹಾಕಿ ಬರುವುದು ಓಇಎಂ. ಅಂಗಡಿಯಲ್ಲಿ ಬಿಡಿಯಾಗಿ ಪೆಟ್ಟಿಗೆಯಲ್ಲಿ ಸಿಗುವುದು ರಿಟೇಲ್. ಆಫೀಸುಗಳು ಒಟ್ಟಿಗೆ ಹತ್ತು, ನೂರು ಅಂತ ತಗೊಳ್ಳುವುದು ವಾಲ್ಯೂಮ್. ನಿಮ್ಮ ಕೈಯಲ್ಲಿರುವುದು ಬಹುಪಾಲು ಓಇಎಂ. ಅದು ಮೊದಲು ಯಾವ ಸಿಸ್ಟಂ ಜೊತೆ ಬಂತೋ ಅದಕ್ಕೇ ಅಂಟಿಕೊಂಡಿರುತ್ತದೆ. ಸಿಸ್ಟಂ ಮಾರಿದರೆ ಲೈಸೆನ್ಸೂ ಅದರ ಜೊತೆ ಹೋಗುತ್ತದೆ. ಸಿಸ್ಟಂ ಸತ್ತರೆ ಲೈಸೆನ್ಸೂ ಸತ್ತ ಹಾಗೆ. ರ್‍ಯಾಮ್, ಹಾರ್ಡ್ ಡಿಸ್ಕ್, ಎಸ್‌ಎಂಪಿಎಸ್ ಏನು ಬೇಕಾದರೂ ಬದಲಾಯಿಸಿ, ತೊಂದರೆ ಇಲ್ಲ. ಮದರ್‌ಬೋರ್ಡ್ ಮಾತ್ರ ಬೇರೆ ಲೆಕ್ಕ. ಕೆಟ್ಟ ಬೋರ್ಡಿನ ಜಾಗಕ್ಕೆ ಆ ಸಿಸ್ಟಂ ತಯಾರಿಸಿದ ಕಂಪನಿಯ ಅದೇ ಥರದ ಬೋರ್ಡ್ ಹಾಕಿದರೆ ಹಳೇ ಲೈಸೆನ್ಸ್ ನಡೆಯುತ್ತದೆ. ಸ್ಪೀಡ್ ಜಾಸ್ತಿ ಆಗಲಿ ಅಂತ ಬೇರೆ ಬೋರ್ಡ್ ಕೂರಿಸಿದರೆ ಮೈಕ್ರೋಸಾಫ್ಟ್ ಅದನ್ನು ಹೊಸ ಕಂಪ್ಯೂಟರ್ ಅಂತಲೇ ನೋಡುತ್ತದೆ.

ಸ್ಟಿಕ್ಕರ್ ಕಿತ್ತು ಅಂಟಿಸುವುದು ವಿಂಡೋಸ್ 7ರ ಕಾಲದ ಅಭ್ಯಾಸ. ಆಗಲೂ ಅದು ತಪ್ಪೇ ಆಗಿತ್ತು, ಈಗಂತೂ ಉಪಯೋಗವೂ ಇಲ್ಲ. ವಿಂಡೋಸ್ 8ರಿಂದ ಈಚೆಗೆ ಬ್ರ್ಯಾಂಡೆಡ್ ಸಿಸ್ಟಂಗಳಲ್ಲಿ 25 ಅಕ್ಷರದ ಕೀ ಮದರ್‌ಬೋರ್ಡಿನ ಚಿಪ್ಪಿನಲ್ಲೇ ಕೂತಿರುತ್ತದೆ, ಸ್ಟಿಕ್ಕರ್ ಮೇಲೆ ಇರುವುದಿಲ್ಲ. ಅದೇ ಎಡಿಷನ್ ಮತ್ತೆ ಹಾಕಿದರೆ ತಾನಾಗಿಯೇ ಕೀ ಎತ್ತಿಕೊಳ್ಳುತ್ತದೆ. ವಿಂಡೋಸ್ 7ರ ಸ್ಟಿಕ್ಕರ್ ಕೀ ಕೊಟ್ಟು 10 ಆಕ್ಟಿವೇಟ್ ಮಾಡುವ ದಾರಿಯೊಂದು ತುಂಬಾ ವರ್ಷ ತೆರೆದಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಅದನ್ನೂ ಮುಚ್ಚಿತು.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಆಫೀಸಿನಿಂದ ಬಂದ ಸಿಸ್ಟಂಗಳಲ್ಲಿ ಮೂಲ ಓಇಎಂ ವಿಂಡೋಸ್ ಮೇಲೆ ಆ ಆಫೀಸಿನವರು ತಮ್ಮ ವಾಲ್ಯೂಮ್ ಕೀ ಹಾಕಿ ಎಂಟರ್‌ಪ್ರೈಸ್ ಎಡಿಷನ್ ಕೂರಿಸಿರುತ್ತಾರೆ. ಆ ವಾಲ್ಯೂಮ್ ಲೈಸೆನ್ಸ್ ಆಫೀಸಿನದು, ಸಿಸ್ಟಂ ಜೊತೆ ನಿಮಗೆ ಬರುವುದಿಲ್ಲ. ಪರೀಕ್ಷೆ ಮಾಡುವುದು ಸುಲಭ. ಕಮಾಂಡ್ ಪ್ರಾಂಪ್ಟ್ ತೆರೆದು ಎಸ್‌ಎಲ್‌ಎಂಜಿಆರ್ ಅಂತ ಟೈಪ್ ಮಾಡಿ, ಒಂದು ಜಾಗ ಬಿಟ್ಟು, ಸ್ಲ್ಯಾಷ್ ಹಾಕಿ ಡಿಎಲ್‌ವಿ ಅಂತ ಸೇರಿಸಿ (slmgr /dlv) ಎಂಟರ್ ಒತ್ತಿ. ಬರುವ ಕಿಟಕಿಯಲ್ಲಿ ಓಇಎಂ, ರಿಟೇಲ್, ವಾಲ್ಯೂಮ್ ಯಾವುದು ಅಂತ ಬರೆದಿರುತ್ತದೆ. ವಾಲ್ಯೂಮ್ ಅಂತ ಕಂಡರೆ ಪೂರ್ತಿ ಅಳಿಸಿ, ಆ ಸಿಸ್ಟಂಗೆ ಸೇರಿದ ಓಇಎಂ ಎಡಿಷನ್ನನ್ನೇ ಮತ್ತೆ ಹಾಕಿ. ಹಳೇ ಆಫೀಸಿನ ಫೈಲುಗಳೂ ಹೋಗುತ್ತವೆ, ಅದೂ ಆಗಬೇಕಾದ ಕೆಲಸವೇ.

ಡಬ್ಬಿಯ ಡಿವಿಡಿಗಳ ಮೇಲೆ ಏನು ಮುದ್ರಿಸಿದೆ ನೋಡಿ. ಹೊಸ ಕಂಪ್ಯೂಟರ್ ಜೊತೆಗೆ ಮಾತ್ರ ಕೊಡತಕ್ಕದ್ದು ಅಂತ ಇಂಗ್ಲಿಷಿನಲ್ಲಿ ಬರೆದಿದ್ದರೆ ಅದು ಓಇಎಂ ಡಿಸ್ಕ್. ಕೀ ಇಲ್ಲದ ಆ ಡಿಸ್ಕಿಗೆ ಬೆಲೆಯೂ ಇಲ್ಲ, ಯಾಕೆಂದರೆ ವಿಂಡೋಸ್ 10, 11ರ ಇನ್‌ಸ್ಟಾಲರ್ ಮೈಕ್ರೋಸಾಫ್ಟ್‌ನವರೇ ತಮ್ಮ ಸೈಟಿನಲ್ಲಿ ಬಿಟ್ಟಿಯಾಗಿ ಡೌನ್‌ಲೋಡ್‌ಗೆ ಇಟ್ಟಿದ್ದಾರೆ. ನೀವು ಗಿರಾಕಿಗೆ ಇನ್‌ಸ್ಟಾಲ್ ಮಾಡಿಕೊಟ್ಟ ಕೂಲಿ ತಗೊಳ್ಳಿ, ಅದು ನಿಮ್ಮ ದುಡಿಮೆ. ಲೈಸೆನ್ಸ್ ಇಲ್ಲದ ವಿಂಡೋಸ್ ಹಾಕಿ ಅದಕ್ಕೂ ದುಡ್ಡು ತಗೊಂಡರೆ ಮಾತ್ರ ಕಷ್ಟ. 1957ರ ಕಾಪಿರೈಟ್ ಕಾಯ್ದೆಯ ಸೆಕ್ಷನ್ 63ರ ಪ್ರಕಾರ ಅದಕ್ಕೆ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ಈ ಸೆಕ್ಷನ್ ಜಾಮೀನು ರಹಿತ ಅಂತ 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಎಲ್ಲರೂ ಮಾಡ್ತಾರಲ್ಲ ಅಂತ ನೀವು ಕೇಳಬಹುದು. ರೇಡ್ ಆದ ದಿನ ಆ ಎಲ್ಲರೂ ನಿಮ್ಮ ಅಂಗಡಿ ಮುಂದೆ ಬಂದು ನಿಲ್ಲುವುದಿಲ್ಲ.

ಕೆಟ್ಟ 7ನ್ನು ಬಿಡಿಭಾಗಕ್ಕೆ ಬಳಸಿ. ಹಳೇ ಸಿಸ್ಟಂ ಸರಿಮಾಡಿ ಮಾರುವುದೇ ನಿಮ್ಮ ಕಸುಬು ಆಗುವುದಾದರೆ, ಮೈಕ್ರೋಸಾಫ್ಟ್‌ನ ರಿಫರ್ಬಿಷರ್ ಯೋಜನೆ ಬಗ್ಗೆ ವಿಚಾರಿಸಿ. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ, 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ನಿಂತಿದೆ ಅನ್ನುವುದನ್ನು ಗಿರಾಕಿಗೆ ಮೊದಲೇ ಹೇಳಿ ಮಾರಿ.

ಪ್ರಶ್ನೆ: ನಾನು ಶಿರಾ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಹಳೆ ವಿದ್ಯಾರ್ಥಿಯೊಬ್ಬರು 12 ಕಂಪ್ಯೂಟರ್ ಕೊಡಿಸಿದ್ದಾರೆ, ಎಲ್ಲವೂ ಅಸೆಂಬಲ್ ಮಾಡಿದವು, ಒಳಗೆ ಏನೂ ಇಲ್ಲ. ಜೊತೆಗೆ ಬಿಲ್ ಸಮೇತ ಒಂದು ಅಸಲಿ ವಿಂಡೋಸ್ ಪೆಟ್ಟಿಗೆ ಇದೆ. ಮಕ್ಕಳ ಕಲಿಕೆಗೆ ತಾನೇ, ಅದನ್ನೇ 12ಕ್ಕೂ ಹಾಕಿದರೆ ತಪ್ಪಾ? ಒಂದು ಕಾಪಿ ಮಾಡಿಟ್ಟುಕೊಳ್ಳಬಹುದು ಅಂತ ಕಾನೂನೇ ಹೇಳುತ್ತದಂತೆ.

ಉತ್ತರ: ಮೇಷ್ಟ್ರೇ, ಕಾಪಿಯ ವಿಷಯ ನೀವು ಕೇಳಿದ್ದು ನಿಜ. ಕಾಪಿರೈಟ್ ಕಾಯ್ದೆಯ ಸೆಕ್ಷನ್ 52ರಲ್ಲಿ ಅದು ಇದೆ. ಆದರೆ ಅದು ಮೂಲ ಡಿಸ್ಕ್ ಕಳೆದುಹೋದರೆ, ಒಡೆದುಹೋದರೆ ಅಂತ ಎತ್ತಿಡುವ ಬ್ಯಾಕಪ್ ಕಾಪಿಗೆ. ಒಂದನ್ನು 12 ಮಾಡುವುದಕ್ಕೆ ಆ ಸೆಕ್ಷನ್ ಬಳಸಲಾಗದು. ಒಂದು ರಿಟೇಲ್ ಲೈಸೆನ್ಸ್ ಅಂದರೆ ಒಂದು ಸಲಕ್ಕೆ ಒಂದು ಕಂಪ್ಯೂಟರ್. ಅದನ್ನು ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಕಬಹುದು. ಮೊದಲ ಮಾಲೀಕರು ಬೇರೆಯವರ ಕಂಪ್ಯೂಟರಿಗೂ ಕೊಡಬಹುದು, ತಮ್ಮದರಿಂದ ತೆಗೆದ ಮೇಲೆ. ಎರಡು ಕಡೆ ಇಟ್ಟುಕೊಂಡು ಹಂಚಿಕೊಳ್ಳುವ ಹಾಗಿಲ್ಲ.

ಗೊತ್ತಿದ್ದೂ ಕಳ್ಳ ಕಾಪಿ ಬಳಸಿದರೆ ಸೆಕ್ಷನ್ 63ಬಿ ಇದೆ. ಲಾಭಕ್ಕಾಗಿ ಬಳಸಿಲ್ಲ ಅಂದರೆ ಕೋರ್ಟು ಜೈಲು ಬಿಟ್ಟು 50 ಸಾವಿರದವರೆಗಿನ ದಂಡಕ್ಕೇ ನಿಲ್ಲಿಸಬಹುದು. ಆದರೆ ಆ ದಂಡ ಶಾಲೆ ಯಾಕೆ ಕಟ್ಟಬೇಕು ಹೇಳಿ. ನನಗೆ ಅದಕ್ಕಿಂತ ಜಾಸ್ತಿ ಚಿಂತೆ ಇರುವುದು, ಆಕ್ಟಿವೇಟ್ ಆಗದ ಉಳಿದ 11ಕ್ಕೆ ಯಾರೋ ಬಂದು ಪೆನ್‌ಡ್ರೈವಿನಿಂದ ಲೈಸೆನ್ಸ್ ತಪಾಸಣೆ ತಪ್ಪಿಸುವ ಕ್ರ್ಯಾಕ್ ಹಾಕಿಕೊಟ್ಟು ಹೋಗುತ್ತಾರೆ ಅನ್ನುವುದರ ಬಗ್ಗೆ. ಆಂಟಿವೈರಸ್ ಆಫ್ ಮಾಡಿ ಅಂತ ಕೇಳುವ ಪ್ರೋಗ್ರಾಂ ಒಳಗೆ ಏನು ತರುತ್ತದೆ ಅಂತ ಹಾಕಿದವರಿಗೂ ಗೊತ್ತಿರುವುದಿಲ್ಲ. ಮಕ್ಕಳ ಹೆಸರು, ಹುಟ್ಟಿದ ದಿನ, ಆಧಾರ್ ನಂಬರು ಎಲ್ಲ ಅದೇ ಕಂಪ್ಯೂಟರಿನಲ್ಲಿ ಟೈಪ್ ಆಗುತ್ತವೆ.

ನನ್ನ ಸಲಹೆ, ಆ ಒಂದು ವಿಂಡೋಸನ್ನು ಆಫೀಸ್ ಕೋಣೆಯ ಕಂಪ್ಯೂಟರಿಗೆ ಹಾಕಿ. ಉಳಿದ 11ಕ್ಕೆ ವಿಂಡೋಸ್ ಬದಲಿಗೆ ಬಿಟ್ಟಿ ಸಿಗುವ ಲಿನಕ್ಸ್ ಹಾಕಿ. ಇದೇನೂ ಪ್ರಯೋಗ ಅಲ್ಲ. ಪಕ್ಕದ ಕೇರಳದಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ, ಈಗ ಅದರ ಹೆಸರು ಕೈಟ್, ಸರ್ಕಾರಿ ಶಾಲೆಗಳನ್ನು ವರ್ಷಗಳಿಂದ ಲಿನಕ್ಸ್‌ನಲ್ಲೇ ನಡೆಸುತ್ತಿದೆ. ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಕೂಡ ಬಾಸ್ ಅನ್ನುವ ಲಿನಕ್ಸ್ ಮಾಡಿದೆ. ಕನ್ನಡ ಟೈಪಿಂಗ್ ಹೇಗೆ ಅಂತ ನೀವು ಕೇಳುತ್ತೀರಿ, ಎಲ್ಲ ಮೇಷ್ಟ್ರುಗಳೂ ಕೇಳುತ್ತಾರೆ. ನುಡಿ ತಂತ್ರಾಂಶದಲ್ಲಿ ಬಳಸುವ ಅದೇ ಕೆಜಿಪಿ ಕೀಲಿಮಣೆ ಲಿನಕ್ಸ್‌ನ ಟೈಪಿಂಗ್ ಸಾಧನ ಐಬಸ್‌ನಲ್ಲೂ ಸಿಗುತ್ತದೆ, ಯೂನಿಕೋಡ್‌ನಲ್ಲೇ ಮೂಡುತ್ತದೆ. ಬೆರಳಿಗೆ ಹೊಸದಾಗಿ ಕಲಿಸಬೇಕಾಗಿಲ್ಲ.

ಪ್ರಶ್ನೆ: ಆನ್‌ಲೈನಲ್ಲಿ ವಿಂಡೋಸ್ 11 ಪ್ರೊ ಕೀ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಹಾಕಿದರೆ ಆಕ್ಟಿವೇಟ್ ಕೂಡ ಆಗುತ್ತದೆ. ವಿದೇಶದಲ್ಲಿ ಹಳೇ ಸಾಫ್ಟ್‌ವೇರ್ ಮಾರುವುದು ಕಾನೂನುಬದ್ಧ ಅಂತಲೂ ಓದಿದೆ. ತಗೋಬಹುದಾ? (ತಿಪಟೂರು)

ಉತ್ತರ: ತಗೋಬೇಡಿ. ಆಕ್ಟಿವೇಟ್ ಆದ ಮಾತ್ರಕ್ಕೆ ಲೈಸೆನ್ಸ್ ಸಿಕ್ಕ ಹಾಗಲ್ಲ. ಇಷ್ಟು ಅಗ್ಗದ ಕೀಗಳು ಸಾಮಾನ್ಯವಾಗಿ ಯಾವುದೋ ಸಂಸ್ಥೆಯ ವಾಲ್ಯೂಮ್ ಕೀ ಆಗಿರುತ್ತವೆ, ಇಲ್ಲಾ ಕೆಟ್ಟ ಸಿಸ್ಟಂನಿಂದ ಎತ್ತಿದ ಓಇಎಂ ಕೀ. ಒಂದೇ ಕೀ ಹಲವರಿಗೆ ಮಾರಿದ್ದು ಗೊತ್ತಾದ ದಿನ ಮೈಕ್ರೋಸಾಫ್ಟ್ ಅದನ್ನು ಬ್ಲಾಕ್ ಮಾಡುತ್ತದೆ, ನಿಮ್ಮ ದುಡ್ಡು ಹೋಗುತ್ತದೆ. ನೀವು ಓದಿದ್ದು ಬಹುಶಃ 2012ರ ಯೂಸ್ಡ್‌ಸಾಫ್ಟ್ ಕೇಸಿನಲ್ಲಿ ಯುರೋಪಿನ ಕೋರ್ಟು ಕೊಟ್ಟ ತೀರ್ಪು. ಅದು ಯುರೋಪಿಗೆ. ಅಲ್ಲೂ ಮಾರಿದವನು ತನ್ನ ಕಾಪಿ ಬಳಸುವಂತಿಲ್ಲ, ಒಂದು ವಾಲ್ಯೂಮ್ ಲೈಸೆನ್ಸನ್ನು ಚೂರು ಮಾಡಿ ಮಾರುವಂತಿಲ್ಲ. ಅಮೆರಿಕದಲ್ಲಿ ಅದಕ್ಕೆ ಎರಡು ವರ್ಷ ಮೊದಲೇ, ಆಟೋಡೆಸ್ಕ್ ಕೇಸಿನಲ್ಲಿ, ಗಿರಾಕಿಗೆ ಸಿಕ್ಕಿದ್ದು ಬರೀ ಲೈಸೆನ್ಸ್, ಮರುಮಾರಾಟದ ಹಕ್ಕಿಲ್ಲ ಅಂತ ತೀರ್ಪು ಬಂತು.

ಪ್ರಶ್ನೆ: ತುಮಕೂರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದ್ತಿದೀನಿ ಸರ್. ಕಾಲೇಜ್ ಫೆಸ್ಟ್‌ನಲ್ಲಿ ನಾವು ನಾಲ್ಕು ಜನ ಸೇರಿ ಲಿನಕ್ಸ್ ಹಾಕಿದ ಪೆನ್‌ಡ್ರೈವ್ ಮಾರಬೇಕು ಅಂತಿದೀವಿ. ಬಿಟ್ಟಿ ಸಿಗೋದನ್ನ ದುಡ್ಡಿಗೆ ಮಾರೋದು ಮೋಸ ಅಂತ ಒಬ್ಬ ಫ್ರೆಂಡ್ ಅಂತಾನೆ. ಹೌದಾ?

ಉತ್ತರ: ಮೋಸ ಅಲ್ಲ, ಖುಷಿಯಿಂದ ಮಾರಿ. ಈ ಪ್ರಶ್ನೆ ಓದಿ ನನಗೂ ಖುಷಿಯಾಯಿತು. ನಾನು ಓದುವ ಕಾಲಕ್ಕೆ ತುಮಕೂರಲ್ಲಿ ಇಂಟರ್‌ನೆಟ್ ಅಂದರೆ ಸೈಬರ್ ಕೆಫೆ, ಅದರಲ್ಲಿ 700 ಎಂಬಿ ಇಳಿಸುವುದು ಕನಸಿನ ಮಾತು. ಆಗ ಉಬುಂಟು ಅನ್ನುವ ಲಿನಕ್ಸ್‌ನವರು ಶಿಪ್‌ಇಟ್ ಅನ್ನುವ ವ್ಯವಸ್ಥೆಯಲ್ಲಿ ಕೇಳಿದವರ ಮನೆಗೇ ಸಿಡಿ ಕಳಿಸುತ್ತಿದ್ದರು, ಅಂಚೆ ಖರ್ಚೂ ಅವರದೇ. ನಮ್ಮ ಮನೆಗೆ ಪೋಸ್ಟ್‌ಮ್ಯಾನ್ ತಂದುಕೊಟ್ಟ ಆ ಲಕೋಟೆ ಇನ್ನೂ ನನ್ನ ಹತ್ತಿರ ಇದೆ. ಗೆಳೆಯರಿಗೆಲ್ಲ ಕಾಪಿ ಮಾಡಿ ಹಂಚಿದೆ, ಹಂಚಿ ಅಂತಲೇ ಅವರು ಕಳಿಸಿದ್ದು. 2011ರಲ್ಲಿ ಆ ವ್ಯವಸ್ಥೆ ನಿಂತಿತು. ನೀವು ಈಗ ಮಾಡಹೊರಟಿರುವುದು ಅದೇ ಕೆಲಸ.

ಲಿನಕ್ಸ್‌ನ ತಿರುಳಾದ ಕರ್ನಲ್ ಇರುವುದು ಜಿಪಿಎಲ್ ಅನ್ನುವ ಮುಕ್ತ ಲೈಸೆನ್ಸಿನ 2ನೇ ಆವೃತ್ತಿಯ ಕೆಳಗೆ. 1991ರ ಲೈಸೆನ್ಸ್ ಅದು. ಕಾಪಿ ಮಾಡಿಕೊಟ್ಟಿದ್ದಕ್ಕೆ ದುಡ್ಡು ತಗೊಳ್ಳಬಹುದು ಅಂತ ಅದರಲ್ಲೇ ಬರೆದಿದೆ. ಎಷ್ಟು ಅನ್ನುವುದು ನಿಮ್ಮಿಷ್ಟ. ಆದರೆ ನಿಮ್ಮಿಂದ ತಗೊಂಡವರು ಮತ್ತೆ ಕಾಪಿ ಮಾಡಿ ಬೇರೆಯವರಿಗೆ ಕೊಟ್ಟರೆ ಬೇಡ ಅನ್ನುವ ಹಕ್ಕು ನಿಮಗಿಲ್ಲ.

ಜನ ಮರೆಯುವುದು ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಂ ಬರೆದ ಮೂಲ ಪಠ್ಯದ ವಿಷಯ. ಪೆನ್‌ಡ್ರೈವ್ ಕೊಡುವಾಗ ಸೋರ್ಸ್ ಕೂಡ ಕೊಡಬೇಕು. ಇಲ್ಲವೇ, ಕೇಳಿದವರಿಗೆ ಕಾಪಿ ಖರ್ಚಿಗಷ್ಟೇ ಕೊಡುತ್ತೇವೆ ಅಂತ ಕನಿಷ್ಠ 3 ವರ್ಷಕ್ಕೆ ಲಿಖಿತ ಭರವಸೆ ಕೊಡಬೇಕು. ಸುಮ್ನೆ ಹಂಚುವವರು ಮೂಲದವರು ಕೊಟ್ಟ ಭರವಸೆ ಪತ್ರವನ್ನೇ ದಾಟಿಸಿದರೆ ಸಾಕು, ಮಾರುವವರಿಗೆ ಆ ಅನುಕೂಲ ಇಲ್ಲ. ಡೆಬಿಯನ್ ಅನ್ನುವ ಲಿನಕ್ಸ್ ಆರಿಸಿಕೊಂಡರೆ ಅದರ ಸೋರ್ಸ್ ಡಿಸ್ಕ್‌ಗಳೂ ಡೌನ್‌ಲೋಡ್‌ಗೆ ಸಿಗುತ್ತವೆ. ನೀವು ಮಾರುವ ಆವೃತ್ತಿಯದ್ದನ್ನೇ ಇಳಿಸಿ ಒಂದು ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಳ್ಳಿ. ಬಹುಶಃ ಯಾರೂ ಕೇಳುವುದಿಲ್ಲ. ಕೇಳಿದರೆ ಕೊಡುವ ಹಾಗಿರಬೇಕು ಅಷ್ಟೇ.

ಹೆಸರಿನ ವಿಷಯ ಬೇರೆ. ಕೋಡ್ ಹಂಚುವ ಸ್ವಾತಂತ್ರ್ಯ ಜಿಪಿಎಲ್ ಕೊಡುತ್ತದೆ, ಹೆಸರು ಮತ್ತು ಲೋಗೋ ಟ್ರೇಡ್‌ಮಾರ್ಕ್. ಉಬುಂಟುವನ್ನು ಇದ್ದ ಹಾಗೇ ಕಾಪಿ ಮಾಡಿದರೆ ಅದೇ ಹೆಸರಲ್ಲಿ ಕೊಡಬಹುದು. ವಾಲ್‌ಪೇಪರ್ ಬದಲಿಸಿ, ನಾಲ್ಕು ಪ್ರೋಗ್ರಾಂ ಸೇರಿಸಿ ಹೊಸ ಇಮೇಜ್ (ಇನ್‌ಸ್ಟಾಲ್ ಫೈಲು) ಕಟ್ಟಿದರೆ ಉಬುಂಟು ತಯಾರಿಸುವ ಕೆನಾನಿಕಲ್ ಕಂಪನಿಯ ಒಪ್ಪಿಗೆ ಬೇಕು, ಇಲ್ಲವಾದರೆ ಅವರ ಹೆಸರು, ಲೋಗೋ ಎಲ್ಲ ತೆಗೆದು ನಿಮ್ಮದೇ ಹೆಸರಿಡಬೇಕು. ಕ್ರೋಮ್, ಝೂಮ್ ಥರದವನ್ನು ಪೆನ್‌ಡ್ರೈವಿಗೆ ತುಂಬಬೇಡಿ, ಅವು ಬಿಟ್ಟಿ ಸಿಕ್ಕರೂ ಅವುಗಳ ಷರತ್ತೇ ಬೇರೆ. ತಗೊಂಡವರು ಬೇಕಾದರೆ ತಾವೇ ಹಾಕಿಕೊಳ್ಳಲಿ.

ನಿಮ್ಮ ಫ್ರೆಂಡ್ ಮಾತಿನಲ್ಲೂ ಒಂದು ನ್ಯಾಯ ಇದೆ, ತಗೊಳ್ಳುವವರಿಗೆ ಇದು ಬಿಟ್ಟಿ ಸಿಗುತ್ತದೆ ಅನ್ನುವುದು ಗೊತ್ತಿರಬೇಕು. ಪ್ಯಾಕೆಟ್ ಮೇಲೆ ಕನ್ನಡದಲ್ಲಿ ನಾಲ್ಕು ಸಾಲು ಹಾಕಿ: ಯಾವ ಲಿನಕ್ಸ್, ಯಾವ ಆವೃತ್ತಿ, ಎಲ್ಲಿ ಉಚಿತವಾಗಿ ಡೌನ್‌ಲೋಡ್ ಆಗುತ್ತದೆ, ಈ ಬೆಲೆ ಪೆನ್‌ಡ್ರೈವಿಗೂ ನಮ್ಮ ಶ್ರಮಕ್ಕೂ. ಸೋರ್ಸ್ ಬೇಕಾದವರು ಯಾರನ್ನು ಕೇಳಬೇಕು ಅಂತಲೂ ಬರೆಯಿರಿ. ಪ್ಯಾಕ್ ಮಾಡುವ ಮೊದಲು ಇಳಿಸಿದ ಇಮೇಜಿನ ಚೆಕ್‌ಸಮ್ (ಫೈಲು ಕೆಟ್ಟಿಲ್ಲ ಅಂತ ತಿಳಿಸುವ ಸಂಖ್ಯೆ) ಮೂಲ ಸೈಟಿನದಕ್ಕೆ ಹೊಂದುತ್ತದಾ ನೋಡಿ, ಆಮೇಲೆ ಒಂದೊಂದು ಪೆನ್‌ಡ್ರೈವನ್ನೂ ಒಂದು ಹಳೇ ಲ್ಯಾಪ್‌ಟಾಪಿಗೆ ಚುಚ್ಚಿ ಬೂಟ್ ಆಗುತ್ತದಾ ಅಂತ ಪರೀಕ್ಷಿಸಿಯೇ ಪ್ಯಾಕೆಟ್ ಅಂಟಿಸಿ.