ಎಸ್‌ಸಿಎಫ್, ಎಪಿಸಿ/ಸಿ ಎರಡೂ ಯುಬಿಕ್ವಿಟಿನ್ ಲಿಗೇಸ್‌ಗಳೇ, ಅಂದರೆ ನಾಶವಾಗಬೇಕಾದ ಪ್ರೋಟೀನಿಗೆ ಗುರುತು ಅಂಟಿಸುವ ಕಿಣ್ವಗಳೇ. ಕೋಶ ವಿಭಜನೆಗೆ ಎರಡು ಯಾಕೆ ಎಂಬುದು ನಿಮ್ಮ ಪ್ರಶ್ನೆ.

ಯಾವಾಗ ನಾಶ ಮಾಡಬೇಕೆಂದು ನಿರ್ಧರಿಸುವ ಸ್ವಿಚ್ ಎರಡರಲ್ಲೂ ಇರುವ ಜಾಗ ಬೇರೆ. ಎಸ್‌ಸಿಎಫ್‌ನಲ್ಲಿ ಅದು ಸಾಮಾನ್ಯವಾಗಿ ನಾಶವಾಗಬೇಕಾದ ಪ್ರೋಟೀನಿನ ಮೇಲಿದೆ, ಎಪಿಸಿ/ಸಿಯಲ್ಲಿ ಲಿಗೇಸ್‌ನಲ್ಲೇ ಇದೆ. ಕಾಸರಗೋಡಿನಲ್ಲಿ ಎಂಎಸ್ಸಿ ಓದುತ್ತಿದ್ದೇನೆ, ಶಾಲೆ ಕನ್ನಡ ಮಾಧ್ಯಮ, ಪ್ರಯೋಗದಲ್ಲಿ ಯುಬಿಕ್ವಿಟಿನ್ ಏಣಿ ಕಾಣಲಿಲ್ಲ ಎಂದಿದ್ದೀರಿ. ಹಾಗಾಗಿ ಕನ್ನಡದಲ್ಲೇ ಬಿಡಿಸಿ ಹೇಳುತ್ತೇನೆ.

ಯುಬಿಕ್ವಿಟಿನ್ 76 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು. ಇ1 ಎಂಬ ಕಿಣ್ವ ಎಟಿಪಿ ಖರ್ಚು ಮಾಡಿ ಅದನ್ನು ಸಜ್ಜುಗೊಳಿಸುತ್ತದೆ, ಇ2 ಹೊತ್ತು ತರುತ್ತದೆ, ಯಾವುದಕ್ಕೆ ಅಂಟಿಸಬೇಕೆಂದು ಆರಿಸುವುದು ಇ3, ಅಂದರೆ ಲಿಗೇಸ್. ಅಂಟಿದ ಸರಪಳಿಯನ್ನು ಗುರುತಿಸಿ ಪ್ರೋಟಿಯಸೋಮ್ ಎಂಬ ಕೋಶದ ಚೂರುಯಂತ್ರ ಆ ಪ್ರೋಟೀನನ್ನು ತುಂಡರಿಸುತ್ತದೆ. ಪ್ರೋಟೀನಿಗೆ ಅಂಟಿಸಿದ ಫಾಸ್ಫೇಟನ್ನಾದರೆ ಕಿತ್ತು ಹಾಕಬಹುದು, ಚೂರಾದ ಪ್ರೋಟೀನನ್ನು ಹೊಸದಾಗಿಯೇ ತಯಾರಿಸಬೇಕು. ಕೋಶಚಕ್ರ ಹಿಂದಕ್ಕೆ ತಿರುಗದಿರಲು ಇದು ಒಂದು ಮುಖ್ಯ ಕಾರಣ.

ಜಿ1ನಲ್ಲಿ, ಅಂದರೆ ಡಿಎನ್ಎ ನಕಲಿಗೆ ಮೊದಲಿನ ಹಂತದಲ್ಲಿ, ಪಿ27 ಎಂಬ ಪ್ರೋಟೀನು ಸಿಡಿಕೆ2 ಎಂಬ, ಕೋಶಚಕ್ರ ಮುಂದೂಡುವ ಕಿಣ್ವವನ್ನು ಕಟ್ಟಿಹಾಕಿರುತ್ತದೆ. ಬೆಳವಣಿಗೆಯ ಸಂಕೇತ ಬಲವಾದಾಗ ಸೈಕ್ಲಿನ್ ಇ (ಸಿಡಿಕೆಯನ್ನು ಚಾಲೂ ಮಾಡುವ ಪ್ರೋಟೀನು) ಮತ್ತು ಸಿಡಿಕೆ2ರ ಜೋಡಿ ಪಿ27ರ 187ನೇ ಅಮೈನೋ ಆಮ್ಲವಾದ ಥ್ರಿಯೋನಿನ್‌ಗೆ ಫಾಸ್ಫೇಟ್ ಸೇರಿಸುತ್ತದೆ. ಆ ಫಾಸ್ಫೇಟ್ ಇದ್ದರಷ್ಟೇ ಎಸ್‌ಸಿಎಫ್‌ನ ಎಸ್‌ಕೆಪಿ2 ಭಾಗ, ಸಿಕೆಎಸ್1 ಎಂಬ ಸಹಾಯಕ ಪ್ರೋಟೀನಿನ ನೆರವಿನಿಂದ, ಪಿ27ನ್ನು ಹಿಡಿಯುತ್ತದೆ. ಅದು ಹೋದರೆ ಡಿಎನ್ಎ ನಕಲಿಗೆ ದಾರಿ ತೆರೆಯುತ್ತದೆ. ಹಲವು ಕ್ಯಾನ್ಸರ್‌ಗಳಲ್ಲಿ ಎಸ್‌ಕೆಪಿ2 ಮಿತಿಮೀರಿ, ಪಿ27 ತೀರಾ ಕಡಿಮೆಯಾಗಿರುವುದು ಕಾಣುತ್ತದೆ.

ಎಪಿಸಿ/ಸಿ ಕೆಲಸ ಶುರು ಮಾಡುವುದು ಮೈಟೋಸಿಸ್‌ನಲ್ಲಿ, ಅಂದರೆ ಕ್ರೋಮೋಸೋಮ್‌ಗಳು ಹಂಚಿಹೋಗುವ ಹಂತದಲ್ಲಿ. ಅದನ್ನು ಚಾಲೂ ಮಾಡುವುದು ಸಿಡಿಸಿ20 ಎಂಬ ಪ್ರೋಟೀನು. ಒಂದೇ ಒಂದು ಕೈನೆಟೋಕೋರ್ (ಕ್ರೋಮೋಸೋಮಿನ ಹಿಡಿಕೆ) ಅದನ್ನು ಎಳೆಯುವ ತಂತುವಿಗೆ ಸಿಕ್ಕದೆ ಉಳಿದರೂ ಎಂಎಡಿ2, ಬಬ್‌ಆರ್1 ಎಂಬ ಕಾವಲು ಪ್ರೋಟೀನುಗಳು ಸೇರಿ ಸಿಡಿಸಿ20ನ್ನು ತಡೆಹಿಡಿಯುತ್ತವೆ. ಎಲ್ಲವೂ ಸಿಕ್ಕ ಮೇಲೆ ಸಿಡಿಸಿ20 ಬಿಡುಗಡೆಯಾಗಿ, ಎಪಿಸಿ/ಸಿಯಿಂದ ಸೆಕ್ಯುರಿನ್, ಸೈಕ್ಲಿನ್ ಬಿ ನಾಶವಾಗುತ್ತವೆ. ಸೆಕ್ಯುರಿನ್ ಹಿಡಿತದಿಂದ ಬಿಡುಗಡೆಗೊಂಡ ಸೆಪರೇಸ್ ಎಂಬ ಕಿಣ್ವ, ನಕಲು ಜೋಡಿಗಳನ್ನು ಕಟ್ಟಿಟ್ಟ ಕೊಹೀಸಿನ್ ಕತ್ತರಿಸಿ ಆ ಕ್ರೋಮ್ಯಾಟಿಡ್‌ಗಳನ್ನು ಬೇರ್ಪಡಿಸುತ್ತದೆ. ಸೈಕ್ಲಿನ್ ಬಿ ಇಳಿದಾಗ ಸಿಡಿಎಚ್1 ಎಂಬ ಇನ್ನೊಂದು ಪ್ರೋಟೀನು ಸಿಡಿಸಿ20ರ ಜಾಗಕ್ಕೆ ಬರುತ್ತದೆ. ಎರಡೂ ಲಿಗೇಸ್‌ಗಳು ಬೆಸೆದುಕೊಳ್ಳುವುದು ಇಲ್ಲಿ, ನನಗೆ ಅತಿ ಸೊಗಸಾಗಿ ಕಾಣುವ ಭಾಗವೂ ಇದೇ: ಸಿಡಿಎಚ್1 ಜೊತೆಗಿನ ಎಪಿಸಿ/ಸಿ ಜಿ1ನಲ್ಲಿ ಎಸ್‌ಕೆಪಿ2ನ್ನೇ ನಾಶಮಾಡಿ ಪಿ27ನ್ನು ಉಳಿಸುತ್ತದೆ.

ಎಸ್‌ಸಿಎಫ್‌ಗೆ ಫಾಸ್ಫೇಟ್ ಬೇಕೇಬೇಕು ಎಂದು ಮಾತ್ರ ಬರೆಯಬೇಡಿ, ಸಸ್ಯಗಳಲ್ಲಿ ಬೇರೆ ರೀತಿಯೂ ಇದೆ. ನಿಮ್ಮೂರಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ತೆಂಗಿನ ಅಂಗಾಂಶ ಕೃಷಿಯಲ್ಲಿ ಕ್ಯಾಲಸ್ (ಕೋಶಗಳ ಗಡ್ಡೆ) ಬರಿಸಲು ಬಳಸುವ 2,4-ಡಿ ಒಂದು ಕೃತಕ ಆಕ್ಸಿನ್, ಅಂದರೆ ಸಸ್ಯ ಹಾರ್ಮೋನಿನಂತೆ ಕೆಲಸ ಮಾಡುವ ವಸ್ತು. ಆಕ್ಸಿನ್, ಸಸ್ಯದ ಎಸ್‌ಸಿಎಫ್‌ನ ಭಾಗವಾದ ಟಿಐಆರ್1ರ ಪೊಟರೆಯಲ್ಲಿ ಕೂತು, ನಾಶವಾಗಬೇಕಾದ ಆಕ್ಸ್/ಐಎಎ ಪ್ರೋಟೀನನ್ನು ಅದಕ್ಕೆ ಬೆಸೆಯುತ್ತದೆ. ಅಲ್ಲಿ ಹಾರ್ಮೋನೇ ಅಂಟು.

ಬ್ಲಾಟ್‌ನಲ್ಲಿ (ಪ್ರೋಟೀನು ಗುರುತಿಸುವ ಪ್ರಯೋಗ) ಯುಬಿಕ್ವಿಟಿನ್ ಏಣಿ, ಅಂದರೆ ಸರಪಳಿಯ ಮೆಟ್ಟಿಲು ಪಟ್ಟಿಗಳು, ಕಾಣಲಿಲ್ಲ ಎಂದಿರಲ್ಲ, ಕೋಶ ಒಡೆಯುವ ಬಫರ್‌ಗೆ ಎನ್‌ಇಎಂ (ಎನ್-ಈಥೈಲ್‌ಮೆಲಿಮೈಡ್) ಹಾಕಿದ್ದೀರಾ? ಹಾಕದಿದ್ದರೆ ಡಿಯುಬಿಕ್ವಿಟಿನೇಸ್‌ ಎಂಬ ಕಿಣ್ವಗಳು ಸರಪಳಿ ಬಿಚ್ಚಿಬಿಡುತ್ತವೆ. 5–10 ಮಿಲಿಮೋಲಾರ್ ಸಾಕು, ಬಳಸುವಾಗಲೇ ಕರಗಿಸಿ. ಆ ಬಫರ್‌ಗೆ ಡಿಟಿಟಿ ಸೇರಿಸಬೇಡಿ, ಅದು ಎನ್‌ಇಎಂ ಅನ್ನೇ ತಿಂದುಹಾಕುತ್ತದೆ.