ಏಳು ಸುತ್ತು ಸರಿ, ಕೆಪಾಸಿಟರ್ ದೊಡ್ಡದಾಯಿತು

ಪ್ರಶ್ನೆ: ಕಾರಿನ ಇಗ್ನಿಷನ್ ಕಾಯಿಲ್ (ಎಂಜಿನ್‌ಗೆ ಕಿಡಿ ಕೊಡುವ ಸುರುಳಿ) ಬಳಸಿ, ಗಾಳಿಯಲ್ಲಿ ಉದ್ದನೆಯ ಕಿಡಿ ಹಾರಿಸುವ ಪುಟ್ಟ ಟೆಸ್ಲಾ ಕಾಯಿಲ್ ಕಟ್ಟಿದ್ದೇನೆ. 12 ವೋಲ್ಟ್ ಲೆಡ್-ಆಸಿಡ್ ಬ್ಯಾಟರಿ ಇದೆ. 555 ಟೈಮರ್ ಚಿಪ್ ಮತ್ತು ಮಾಸ್ಫೆಟ್ (ಎಲೆಕ್ಟ್ರಾನಿಕ್ ಸ್ವಿಚ್) ಇಗ್ನಿಷನ್ ಕಾಯಿಲನ್ನು ಸೆಕೆಂಡಿಗೆ 100 ಬಾರಿ ಸ್ವಿಚ್ ಮಾಡುತ್ತವೆ. ಟೆಸ್ಲಾ ಕಾಯಿಲ್‌ನ ಸೆಕೆಂಡರಿಗೆ (ಕಿಡಿ ಹೊರಡುವ ಸುರುಳಿ) 5 ಸೆಂ.ಮೀ. ವ್ಯಾಸ, 20 ಸೆಂ.ಮೀ. ಎತ್ತರದ ಕೊಳವೆಯ ಮೇಲೆ 900 ಸುತ್ತು. ಪ್ರೈಮರಿಗೆ (ಅದಕ್ಕೆ ಶಕ್ತಿ ಕೊಡುವ ಸುರುಳಿ) 10 ಸೆಂ.ಮೀ. ವ್ಯಾಸದ 7 ಸುತ್ತು. ವಿದ್ಯುತ್ತನ್ನು ಕೂಡಿಡುವ ಕೆಪಾಸಿಟರ್ 10 ನ್ಯಾನೊಫ್ಯಾರಡ್. 3 ಮಿ.ಮೀ. ಸ್ಪಾರ್ಕ್ ಗ್ಯಾಪ್‌ನಲ್ಲಿ ಕೆಪಾಸಿಟರ್ ಇಲ್ಲದಿದ್ದರೆ ಕಿಡಿ ಧಾರಾಳವಾಗಿ ಹಾರುತ್ತದೆ, ಜೋಡಿಸಿದೊಡನೆ ಸದ್ದಡಗುತ್ತದೆ. ಲೆಕ್ಕವನ್ನು ಮೂರು ಸಲ ಮಾಡಿ ನೋಡಿದೆ. ಕಾಯಿಲ್ ಕೆಟ್ಟಿದೆಯೇ?

ಉತ್ತರ: ಕಾಯಿಲ್ ಚೆನ್ನಾಗಿದೆ, ಲೆಕ್ಕವೂ ಸರಿ. ನಿಮ್ಮ ಸೆಕೆಂಡರಿ, ತುದಿಯಲ್ಲಿ ಸಣ್ಣ ಲೋಹದ ಗುಂಡು ಇದ್ದರೆ, 600 ಕಿಲೊಹರ್ಟ್ಸ್‌ನ ಆಸುಪಾಸಿನಲ್ಲಿ ಅನುರಣಿಸುತ್ತದೆ. 7 ಸುತ್ತು ಮತ್ತು 10 ನ್ಯಾನೊಫ್ಯಾರಡ್ ಕೂಡ ಅಲ್ಲಿಗೇ ಬರುತ್ತವೆ. ಆದರೆ ನೀವು ಶ್ರುತಿಯ ಲೆಕ್ಕ (ಎರಡೂ ಕಡೆ ಒಂದೇ ಕಂಪನಕ್ಕೆ ಹೊಂದಿಸುವುದು) ಮಾತ್ರ ಮಾಡಿದಿರಿ, ಶಕ್ತಿಯದನ್ನು ಮಾಡಲಿಲ್ಲ.

ಹಳೆಯ ಮಾದರಿಯ ಇಗ್ನಿಷನ್ ಕಾಯಿಲ್‌ನೊಳಗಿನ ಪ್ರೈಮರಿ ಸುಮಾರು 6 ಮಿಲಿಹೆನ್ರಿ ಇರುತ್ತದೆ ಎಂದುಕೊಳ್ಳಿ. ಅದರಲ್ಲಿ 4 ಆಂಪಿಯರ್ ಹರಿಯುವಾಗ ಕಡಿದರೆ ಒಂದು ಬಾರಿಗೆ ದಕ್ಕುವುದು 50 ಮಿಲಿಜೌಲ್‌ಗಿಂತ ಸ್ವಲ್ಪ ಕಡಿಮೆ. ಒಂದಿಷ್ಟೂ ಪೋಲಾಗದೆ ಅದೆಲ್ಲ 10 ನ್ಯಾನೊಫ್ಯಾರಡ್‌ನೊಳಗೆ ಹೋದರೂ ವೋಲ್ಟೇಜ್ ಏರುವುದು 3,000ದವರೆಗೆ. ನಿಮ್ಮ ಗ್ಯಾಪ್ ಒಡೆಯಲು ಬೇಕಾದದ್ದು ಸುಮಾರು 9,000. ಮುಂದಿನ ಮಿಡಿತದಲ್ಲಿ ಉಳಿದದ್ದು ತುಂಬೀತು ಎಂದು ಕಾಯುವಂತಿಲ್ಲ. ನಡುವೆ ಡಯೋಡ್ (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇಲ್ಲದ್ದರಿಂದ ತುಂಬಿದ್ದು ಮತ್ತೆ ಇಗ್ನಿಷನ್ ಕಾಯಿಲ್‌ನೊಳಗೇ ಹರಿದು ವ್ಯರ್ಥವಾಗುತ್ತದೆ. ಒಂದು ಚೊಂಬು ನೀರಿನಿಂದ ಕೊಳಗ ತುಂಬಿಸಲು ಹೊರಟಂತೆ, ಅದೂ ತೂತಿನ ಕೊಳಗ.

ಕೆಪಾಸಿಟರನ್ನು 1 ನ್ಯಾನೊಫ್ಯಾರಡ್‌ಗೆ ಇಳಿಸಿ. ಅಷ್ಟೇ ಶಕ್ತಿ ಈಗ 10,000 ವೋಲ್ಟ್‌ನ ಹತ್ತಿರ ಹೋಗುತ್ತದೆ. 10 ನ್ಯಾನೊಫ್ಯಾರಡ್, 2,000 ವೋಲ್ಟ್‌ನ ಪಾಲಿಪ್ರೊಪಿಲೀನ್ ಕೆಪಾಸಿಟರ್ ಹತ್ತನ್ನು ಒಂದರ ತುದಿಗೆ ಇನ್ನೊಂದರ ತುದಿ ಸೇರಿಸಿ ಸಾಲಾಗಿ ಬೆಸೆದರೆ ಸಾಕು. ಸಣ್ಣ ಸೆರಾಮಿಕ್ ಬಿಲ್ಲೆಗಳ ಸಹವಾಸ ಬೇಡ. ಅವುಗಳಲ್ಲಿ ಬಹಳಷ್ಟು ವೋಲ್ಟೇಜ್ ಏರಿದಂತೆ ಧಾರಕತೆ ಕಳೆದುಕೊಳ್ಳುತ್ತವೆ, ಬಿಸಿಯಾಗುತ್ತವೆ. ಉಪ್ಪುನೀರು ತುಂಬಿ ಹೊರಗೆ ಅಲ್ಯೂಮಿನಿಯಂ ಹಾಳೆ ಸುತ್ತಿದ ಗಾಜಿನ ಬಾಟಲಿಯೂ ಹೆಚ್ಚು ಕಡಿಮೆ ಇಷ್ಟೇ ಧಾರಕತೆ ಕೊಡುತ್ತದೆ. ನಗಬೇಡಿ, 1899ರಲ್ಲಿ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ಟೆಸ್ಲಾ ಉಪ್ಪುನೀರಿನ ಬಾಟಲಿಗಳನ್ನೇ ಸಾಲಾಗಿ ನಿಲ್ಲಿಸಿದ್ದರು.

ಕೆಪಾಸಿಟರ್ ಹತ್ತು ಪಟ್ಟು ಇಳಿದರೆ, ಶ್ರುತಿ ಉಳಿಯಲು ಟೆಸ್ಲಾ ಪ್ರೈಮರಿಯ ಇಂಡಕ್ಟೆನ್ಸ್ (ಹೆನ್ರಿಯಲ್ಲಿ ಅಳೆಯುವ ಸುರುಳಿಯ ಗುಣ) ಹತ್ತು ಪಟ್ಟು ಏರಬೇಕು. ಅದು ಸುತ್ತುಗಳ ವರ್ಗಕ್ಕೆ ಅನುಗುಣವಾದ್ದರಿಂದ 22 ಸುತ್ತು ಸಾಕೆನಿಸುತ್ತದೆ. ಆದರೆ ಸುರುಳಿ ಉದ್ದವಾದಷ್ಟೂ ಇಂಡಕ್ಟೆನ್ಸ್ ಈ ಲೆಕ್ಕಕ್ಕಿಂತ ಕಡಿಮೆ ಬರುತ್ತದೆ. 30 ಸುತ್ತು ಹಾಕಿ, ಕೊನೆಯ ಎಂಟು ಹತ್ತು ಸುತ್ತುಗಳಲ್ಲಿ ತಂತಿಯ ಹೊದಿಕೆ ಕೆರೆದು ಕ್ಲಿಪ್ ಸರಿಸುತ್ತಾ ಹುಡುಕಿ. ಸೆಕೆಂಡರಿಯಿಂದ ಪ್ರೈಮರಿಗೆ ಕಿಡಿ ಹಾರಿದರೆ ಸೆಕೆಂಡರಿಯನ್ನು ಕೆಲವು ಸೆಂಟಿಮೀಟರ್ ಮೇಲೆತ್ತಿ. ತುದಿಯಲ್ಲಿ 2ರಿಂದ 4 ಸೆಂ.ಮೀ. ಕಿಡಿ ಬಂದರೆ ಈ ಗಾತ್ರಕ್ಕೆ ತೃಪ್ತಿಪಡಿ.

ಮಾಸ್ಫೆಟ್ ಪದೇ ಪದೇ ಸಾಯುತ್ತಿದ್ದರೆ (ನೀವು ಬರೆದಿಲ್ಲ, ಆದರೂ ಸಾಯುತ್ತಿರಬಹುದು) ಅದರ ಬದಲು ಇಗ್ನಿಷನ್‌ಗೆಂದೇ ಮಾಡಿದ ಐಜಿಬಿಟಿ (ಇನ್ನೊಂದು ಬಗೆಯ ಎಲೆಕ್ಟ್ರಾನಿಕ್ ಸ್ವಿಚ್) ಹಾಕಿ. 400 ವೋಲ್ಟ್‌ನ ಸುಮಾರಿಗೆ ತನ್ನನ್ನು ತಾನೇ ಕಾಯ್ದುಕೊಳ್ಳುವ ಏರ್ಪಾಡು ಅದರೊಳಗಿರುತ್ತದೆ. ಹೆಚ್ಚಿನ ಹಳೆಯ ಇಗ್ನಿಷನ್ ಕಾಯಿಲ್‌ಗಳಲ್ಲಿ ಒಳಗಿನ ಎರಡು ಸುರುಳಿಗಳಿಗೂ ಒಂದು ತುದಿ ಸಮಾನ. ಹಾಗಾಗಿ ಟೆಸ್ಲಾ ಸೆಕೆಂಡರಿಯ ಬುಡವನ್ನು ಬ್ಯಾಟರಿಗೆ ಕಟ್ಟದೆ ಬೇರೆಯೇ ಲೋಹದ ತಗಡಿಗೆ ಕಟ್ಟಿ.

ಪ್ರಶ್ನೆ: ಟೆಸ್ಲಾ ಕಾಯಿಲ್‌ನ ಕಿಡಿ ಚರ್ಮದ ಮೇಲಷ್ಟೇ ಹರಿಯುತ್ತದೆ, ಮುಟ್ಟಿದರೂ ಅಪಾಯವಿಲ್ಲ ಎನ್ನುತ್ತಾರೆ. ನಿಜವೇ?

ಉತ್ತರ: ಇಲ್ಲ. ಆ ಮಾತು ತಾಮ್ರಕ್ಕೆ ಸರಿ, ಮಾಂಸಕ್ಕಲ್ಲ. 600 ಕಿಲೊಹರ್ಟ್ಸ್‌ನಲ್ಲಿ ವಿದ್ಯುತ್ತು ದೇಹದೊಳಕ್ಕೆ ಅರ್ಧ ಮೀಟರಿಗಿಂತ ಆಳ ಇಳಿಯಬಲ್ಲದು, ಅಂದರೆ ಇಡೀ ದೇಹವೇ ದಾರಿ. ನರಗಳು ಅಷ್ಟು ವೇಗದ ಕಂಪನಕ್ಕೆ ಸ್ಪಂದಿಸದ ಕಾರಣ ನೋವು ತಿಳಿಯುವುದಿಲ್ಲ, ಸುಡುವುದು ಸುಡುತ್ತಲೇ ಇರುತ್ತದೆ. ಇಗ್ನಿಷನ್ ಕಾಯಿಲ್‌ನ ಬದಿಯಲ್ಲಂತೂ ಈ ನೆಪವೂ ಇಲ್ಲ, ಅದು ನೇರವಾಗಿ ಕಚ್ಚುತ್ತದೆ. ಪೇಸ್‌ಮೇಕರ್ ಇರುವವರನ್ನು ಆ ಕೋಣೆಗೇ ಕರೆಯಬೇಡಿ. ಗ್ಯಾಪ್ ತಿದ್ದುವ ಮೊದಲು ಬ್ಯಾಟರಿಯ ತಂತಿ ಕಳಚಿ, ಉದ್ದನೆಯ ಪ್ಲಾಸ್ಟಿಕ್ ಹಿಡಿಗೆ ಕಟ್ಟಿದ ತಂತಿಯಿಂದ ಕೆಪಾಸಿಟರ್ ಸಾಲಿನ ಎರಡೂ ತುದಿಗಳನ್ನು ಒಟ್ಟಿಗೆ ಮುಟ್ಟಿಸಿ, ಆಮೇಲೆ ಒಂದೊಂದನ್ನೂ ಬೇರೆ ಬೇರೆಯಾಗಿ.